ಚಿಲ್ಟಾರಿ ಹಸಿರಾದ ದಿನ

ಮಾರ್ಚ್ 19, ಬುಧವಾರ

ಒಂಬತ್ತರ ರಿಪೋರ್ಟ್ ಒಂಬತ್ತೂ ಹತ್ತಕ್ಕೆ ಹೋಯಿತು. ಯಾರೂ ಕೇಳಲಿಲ್ಲ. ಚಹಾ ಆರಿತ್ತು, ಹಾಗೇ ಕುಡಿದೆ.

ಇವತ್ತೂ ಚಿಲ್ಟಾರಿ ಕೆಂಪು.

ನಮ್ಮ ಮೃಗಾಲಯದ ನೀರುನಾಯಿ ಮೂರು ಮರಿ ಹಾಕಿ ಹದಿನೈದು ದಿನವಾಯಿತು. ದಡೂತಿ, ನಡುವಿನವಳು, ಚಿಲ್ಟಾರಿ. ಹೆಸರಿಟ್ಟಿದ್ದು ಗೂಡು ನೋಡಿಕೊಳ್ಳುವ ಕೀಪರ್, ಬಕೆಟ್ ಅಣ್ಣ. ಆಫೀಸು ಎಂದಮೇಲೆ ಬಕೆಟ್ ಹಿಡಿಯುವವರು ಬೇಕಾದಷ್ಟು ಜನ. ಆದರೆ ನಿಜವಾದ ಬಕೆಟ್, ಅದೂ ಮೀನು ತುಂಬಿದ್ದು, ಹಿಡಿದು ಓಡಾಡುವವರು ಇವರೊಬ್ಬರೇ. ಹೆಸರು ಹಾಗೇ ನಿಂತುಬಿಟ್ಟಿತು.

ನಾನು ಕೂರುವ ರೂಮು ಮೊದಲು ಮೀನಿನ ಸ್ಟೋರ್ ಆಗಿತ್ತಂತೆ. ಸುಣ್ಣ ಬಳಿದು, ಕಂಪ್ಯೂಟರ್ ಇಟ್ಟು, ‘ಡೇಟಾ ವಿಭಾಗ’ ಎಂದು ಬೋರ್ಡ್ ಹಾಕಿದ್ದಾರೆ. ವಿಭಾಗ ಎಂದರೆ ನಾನೊಬ್ಬಳೇ. ವಾಸನೆ ಮಾತ್ರ ಹಳೆಯ ವಿಭಾಗದ್ದು. ಪಕ್ಕದಲ್ಲೇ ತೂಕದ ಕೋಣೆ, ಅದರಾಚೆ ನೀರುನಾಯಿಗಳು. ಮರಿಗಳು ಕಿಚಪಿಚ ಎಂದರೆ ನನ್ನ ಕೀಬೋರ್ಡಿನವರೆಗೂ ಕೇಳುತ್ತದೆ.

ಬಕೆಟ್ ಅಣ್ಣ ಬೆಳಿಗ್ಗೆ ತೂಕ ಟೈಪ್ ಮಾಡುತ್ತಾರೆ. ಉಳಿದದ್ದು ಕಂಪ್ಯೂಟರಿನಲ್ಲಿ ನಾನು ಕಟ್ಟಿದ ಮಾಡೆಲ್‌ನ ಕೆಲಸ. ಒಂದು ಟೇಬಲ್‌ನಲ್ಲಿ ಪ್ರಾಣಿಗಳು, ಇನ್ನೊಂದರಲ್ಲಿ ದಿನದಿನದ ತೂಕ, ಮೂರನೆಯದರಲ್ಲಿ ಟಾರ್ಗೆಟ್ — ಯಾವ ವಯಸ್ಸಿಗೆ ಎಷ್ಟು ತೂಕ ಇರಬೇಕು ಎಂಬುದು. ವಾರ ವಾರಕ್ಕೂ ಎರಡು ಗೆರೆ. ಕೆಳಗಿನದು ಅಪಾಯದ ಗೆರೆ, ಮೇಲಿನದು ನೆಮ್ಮದಿಯ ಗೆರೆ. ಅಪಾಯದ ಗೆರೆಯ ಕೆಳಗೆ ಬಿದ್ದರೆ ಪರದೆಯ ಮೇಲೆ ಆ ಪ್ರಾಣಿಯ ಚೌಕ ಕೆಂಪು. ಎರಡರ ನಡುವೆ ಹಳದಿ. ಉಳಿದದ್ದೆಲ್ಲ ಹಸಿರು. ಮೂರೇ ಸಾಲಿನ ರೂಲ್. ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ — “ಹಸಿರಾಯ್ತೇನೇ?”
“ಇಲ್ಲ ಅತ್ತೆ.”
“ಅಯ್ಯೋ ಪಾಪ.”
ನನಗೆ ಜ್ವರ ಬಂದಾಗಲೂ ಇಷ್ಟು ಮರುಗಿರಲಿಲ್ಲ.


ಮಾರ್ಚ್ 22, ಶನಿವಾರ

ನಮ್ಮ ಯಜಮಾನರಿಗೂ ಬಣ್ಣದ ಹುಚ್ಚು ಹತ್ತಿದೆ. ಫರ್ನಿಚರ್ ಅಂಗಡಿಯಲ್ಲಿ ಸೋಫಾ ಮಾರುವುದು ಇವರ ಕೆಲಸ. ಗಿರಾಕಿಗೆ ಕೂತು ತೋರಿಸಬೇಕು. ಹೊಟ್ಟೆ ಬರದೆ ಇನ್ನೇನು? ‘ನನ್ನ ತೂಕಕ್ಕೂ ಒಂದು ಟೇಬಲ್ ಮಾಡು’ ಎಂದು ಗಂಟುಬಿದ್ದಿದ್ದರು. ಮಾಡಿಕೊಟ್ಟೆ. ಮೊದಲ ದಿನವೇ ಕಡುಗೆಂಪು.

“ರೇಂಜ್ ಸ್ವಲ್ಪ ಮೇಲೆತ್ತೇ.”
“ಅದು ಮೋಸ ಅಲ್ವಾ?”
“ರೇಂಜ್ ಬದಲಾಯಿಸೋಕೆ ಒಂದು ನಿಮಿಷ, ತೂಕ ಬದಲಾಯಿಸೋಕೆ ಒಂದು ವರ್ಷ. ಯಾವುದು ಬುದ್ಧಿವಂತಿಕೆ, ನೀನೇ ಹೇಳು.”

ಎತ್ತಲಿಲ್ಲ. ಊಟದಲ್ಲಿ ಎರಡನೇ ಸಲ ಬಡಿಸಿಕೊಳ್ಳುವಾಗ ನನ್ನ ಕಡೆ ನೋಡಲಿಲ್ಲ.


ಮಾರ್ಚ್ 26, ಬುಧವಾರ

ಗೂಡಿನ ಕಿಟಕಿಯ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ಚಿಲ್ಟಾರಿಯ ಸಮಸ್ಯೆ ಸರಳ: ದಡೂತಿ. ತಾಯಿ ಮಲಗಿದ ಕೂಡಲೇ ದಡೂತಿ ಒಳ್ಳೆಯ ಜಾಗ ಹಿಡಿಯುತ್ತದೆ, ಚಿಲ್ಟಾರಿಯನ್ನು ಸೊಂಟದಿಂದ ಒಂದೇ ದೂಡು. ಅವನು ಉರುಳಿಕೊಂಡು ಹೋಗುತ್ತಾನೆ. ಮತ್ತೆ ಬರುತ್ತಾನೆ. ಮತ್ತೆ ಉರುಳು. ಅಳುವುದಿಲ್ಲ, ಬೇಜಾರೂ ಇಲ್ಲ. ಇದೇ ಆಟ ಎಂದುಕೊಂಡಿದ್ದಾನೋ ಏನೋ.

ಡಾಕ್ಟರಮ್ಮ — ನಮ್ಮ ಪಶುವೈದ್ಯೆ — ನಿಯಮ ಮಾಡಿದ್ದಾರೆ. ಚಿಲ್ಟಾರಿ ಕೆಂಪು ಇರುವವರೆಗೆ ದಿನಕ್ಕೆ ಮೂರು ಸಲ ಬಾಟಲಿ ಹಾಲು, ತಾಯಿಯ ಪಕ್ಕದಲ್ಲೇ ಇಟ್ಟುಕೊಂಡು. ಹಸಿರಾದರೆ ನಿಲ್ಲಿಸುವುದು. ಬಾಟಲಿ ಜಾಸ್ತಿ ರೂಢಿಯಾದರೆ ತಾಯಿಯ ಹಾಲು ಮರೆತುಬಿಡುತ್ತಾನಂತೆ.

ಇವತ್ತು ಅವರು ಟ್ರೇನಿಂಗಿಗೆ ಹೊರಟರು. ಎರಡು ವಾರ ಇಲ್ಲ. ಕಾರು ಹತ್ತುವಾಗ ನನಗೆ — “ಬಣ್ಣ ನೋಡ್ತಾ ಇರಮ್ಮ.”
“ನೋಡ್ತೀನಿ ಮೇಡಂ.”

ನೋಡುವುದು ನನಗೆ ಬರುವ ಒಂದೇ ಕೆಲಸ.


ಏಪ್ರಿಲ್ 1, ಮಂಗಳವಾರ

ಹಸಿರು! ಹಸಿರು!! ಚಿಲ್ಟಾರಿ ಹಸಿರು!

ನಿನ್ನೆವರೆಗೂ ಕೆಂಪಿದ್ದವನು ಹಳದಿಯನ್ನು ಮುಟ್ಟದೆ ನೇರವಾಗಿ ಹಸಿರಿಗೆ ಹಾರಿದ್ದಾನೆ. ಪರದೆ ನೋಡಿ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ. ತೂಕದ ಕೋಣೆಗೆ ಓಡಿದೆ.

“ಅಣ್ಣಾ, ಹಸಿರಾದ!”
ಬಕೆಟ್ ಅಣ್ಣ ನಂಬಲಿಲ್ಲ. “ಏಪ್ರಿಲ್ ಫೂಲ್ ಮಾಡ್ಬೇಡಿ ಮೇಡಂ, ಈ ವಿಷಯದಲ್ಲಿ ತಮಾಷೆ ಬೇಡ.”
ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಎರಡು ನಿಮಿಷ ಪರದೆಯನ್ನೇ ನೋಡಿದರು. ಒದ್ದೆ ಬೆರಳಿನಿಂದ ಚೌಕವನ್ನು ಮುಟ್ಟಿದರು. ಆಮೇಲೆ ನನ್ನ ಪ್ರಿಂಟರಿನ ಕಡೆ ತಿರುಗಿ ಮುಖ ಒರೆಸಿಕೊಂಡರು.

ಆಫೀಸಿಗೆಲ್ಲ ಕೇಕ್ ತರಿಸಿದೆ. ಡೈರೆಕ್ಟರ್ ಸಾಹೇಬರು ಎರಡು ತುಂಡು ತಿಂದರು. ಮಧ್ಯಾಹ್ನದಿಂದ ಬಾಟಲಿ ಬಂದ್.

ಅತ್ತೆ ಸುದ್ದಿ ಕೇಳಿ ಸೆರಗು ಸರಿಮಾಡಿಕೊಂಡು ಹೊರಗೆ ಹೊರಟರು. ಹಾಲಿನ ಬೂತು, ಟೈಲರ್ ಅಂಗಡಿ, ಎದುರು ಮನೆ… ಕತ್ತಲಾಗುವುದರೊಳಗೆ ಇಡೀ ಬೀದಿಗೆ ಗೊತ್ತು. ನಮಗೆ ಮಗುವಾದಂತೆ ಜನ ನನ್ನ ಕೈ ಕುಲುಕುತ್ತಿದ್ದಾರೆ.


ಏಪ್ರಿಲ್ 4, ಶುಕ್ರವಾರ, ಬೆಳಿಗ್ಗೆ 10:40

ಹೋಗಿ ಹೇಳುವ ಮೊದಲು ಬರೆದುಕೊಳ್ಳುತ್ತೇನೆ.

ಬಕೆಟ್ ಅಣ್ಣ ಇವತ್ತು ಗಡಿಬಿಡಿಯಲ್ಲಿ ಚಿಲ್ಟಾರಿಯ ತೂಕವನ್ನು ಗ್ರಾಂ ಬದಲು ಕಿಲೋದಲ್ಲಿ ಹೊಡೆದಿದ್ದಾರೆ. 0.56. ನಾನು ನೋಡಿದ್ದು ರಿಪೋರ್ಟ್ ಹೋದ ಮೇಲೆ. ಮೊದಲು ನಗು ಬಂತು. ಅರ್ಧ ಗ್ರಾಮಿನ ನೀರುನಾಯಿ! ಪೇಪರ್ ಕ್ಲಿಪ್ಪಿನಷ್ಟು! ಫೋನ್ ಮಾಡಿ ಕಾಲೆಳೆಯೋಣ ಎಂದು ರಿಸೀವರ್ ಎತ್ತಿದೆ.

ಎತ್ತಿದ್ದು ಹಾಗೇ ಕೆಳಗಿಟ್ಟೆ.

ಚೌಕ ಹಸಿರಾಗಿತ್ತು.

ಪೇಪರ್ ಕ್ಲಿಪ್ಪಿನಷ್ಟು ತೂಗುವ ಮರಿಗೆ ಹಸಿರು. ಟಾರ್ಗೆಟ್ ಟೇಬಲ್ ತೆರೆದೆ. ಒಂದನೇ ವಾರ, ಎರಡು, ಮೂರು, ನಾಲ್ಕು. ಅಲ್ಲಿಗೆ ಮುಗಿಯಿತು. ಡಾಕ್ಟರಮ್ಮ ಕೊಟ್ಟಿದ್ದು ನಾಲ್ಕೇ ವಾರದ್ದು. ‘ಮುಂದಿನದು ಆಮೇಲೆ ಕೊಡ್ತೀನಿ’ ಎಂದಿದ್ದರು. ಅವರು ಮರೆತರು, ನಾನು ಕೇಳಲಿಲ್ಲ. ಮರಿಗಳಿಗೆ ಐದನೇ ವಾರ ಶುರುವಾಗಿದ್ದು ಏಪ್ರಿಲ್ ಒಂದಕ್ಕೆ. ಅವತ್ತಿನಿಂದ ಗೆರೆಯೇ ಇಲ್ಲ. ಗೆರೆ ಇಲ್ಲದಿದ್ದರೆ ಮಾಡೆಲ್ ಅದನ್ನು ಸೊನ್ನೆ ಎಂದುಕೊಳ್ಳುತ್ತದೆ. ಸೊನ್ನೆಗಿಂತ ಏನಿದ್ದರೂ ಜಾಸ್ತಿಯೇ. ಉಳಿದದ್ದೆಲ್ಲ ಹಸಿರು — ನಾನೇ ಬರೆದ ಮೂರನೇ ಸಾಲು.

ಮರಿ ದಪ್ಪಗಾಗಿರಲಿಲ್ಲ. ಟೇಬಲ್ ಮುಗಿದಿತ್ತು.

ಅದಕ್ಕೆ ಕೇಕ್ ತಿಂದಿದ್ದೇವೆ. ಅದಕ್ಕೆ ಹಾಲು ನಿಲ್ಲಿಸಿದ್ದೇವೆ. 571, 573, 569, ಇವತ್ತು 560. ಅಂಕಿಗಳು ಅಲ್ಲೇ ಇದ್ದವು, ಬಣ್ಣದ ಮೇಲೇ ಬರೆದಿದ್ದವು. ಓದಿದವರು ಯಾರೂ ಇಲ್ಲ. ಹೋಗಿ ಹೇಳಬೇಕು.


ಅದೇ ದಿನ, ಸಂಜೆ

ಹೇಳಿದೆ.

ಬಕೆಟ್ ಅಣ್ಣ ತಕ್ಕಡಿಯ ಪಕ್ಕ, ಮಗುಚಿಟ್ಟ ಬಕೆಟ್ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಎಂದು ಕಾದೆ.

“ನಿಮ್ದೊಬ್ಬರದ್ದೇ ತಪ್ಪಾ ಮೇಡಂ? ಆ ಅಂಕಿ ಒತ್ತಿದ್ದು ಈ ಬೆರಳೇ. ಇಳೀತಾ ಇದೆ ಅಂತ ನನಗೆ ಗೊತ್ತಾಗ್ಬೇಕಿತ್ತು. ಹಸಿರು ನೋಡಿ ಆರಾಮಾಗಿ ಹೋಗ್ಬಿಟ್ಟೆ.”
“ಸಾರಿ ಅಣ್ಣ…”
“ಸಾರಿ ಆಮೇಲೆ. ಮೊದಲು ಹಾಲು ಬಿಸಿ ಮಾಡಿ.”

ಮಾಡಿದೆ. ಜೀವನದಲ್ಲಿ ಮೊದಲ ಸಲ ಡೇಟಾ ವಿಭಾಗ ಬಾಟಲಿ ತೊಳೆಯಿತು. ಚಿಲ್ಟಾರಿ ಎರಡು ಗುಟುಕು ಕುಡಿದು ಮುಖ ತಿರುಗಿಸಿದ. ಮೂರು ದಿನಕ್ಕೇ ಬಾಟಲಿ ಮರೆತಿದ್ದಾನೆ.

ಡಾಕ್ಟರಮ್ಮನಿಗೆ ಫೋನ್. ಎಲ್ಲ ಕೇಳಿಸಿಕೊಂಡರು. “ಬೈಯೋದು ಬಂದ್ಮೇಲೆ ಬೈತೀನಿ, ನನ್ನನ್ನೂ ಸೇರಿಸಿ. ಈಗ ಬರ್ಕೊ.” ಐದರಿಂದ ಎಂಟನೇ ವಾರದವರೆಗೆ ಗೆರೆಗಳನ್ನು ಹೇಳಿದರು. ಐದನೇ ವಾರಕ್ಕೆ ಅಪಾಯದ ಗೆರೆ 720. ನಮ್ಮವನು 560. ಟೈಪ್ ಮಾಡಿದ ಕ್ಷಣವೇ ಕೆಂಪು ಬಂತು. ಎಂದೂ ಕೆಂಪು ನೋಡಿ ಇಷ್ಟು ಸಮಾಧಾನ ಆಗಿರಲಿಲ್ಲ.

“ಮಂಗಳವಾರ ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ತೂಕ ಏರದೇ ಇದ್ರೆ ತಾಯಿಯಿಂದ ಬೇರೆ ಮಾಡ್ಲೇಬೇಕಾಗುತ್ತೆ.”
“ಆಮೇಲೆ ವಾಪಸ್ ಬಿಡ್ಬಹುದಾ ಮೇಡಂ?”
“ಬಿಡ್ಬಹುದು. ಅವಳು ಸೇರಿಸ್ಕೊಳ್ಳೋದು ಕಷ್ಟ.”

ಮನೆಗೆ ಬಂದು ಅತ್ತೆಗೆ ಹೇಳುವುದು ಅದಕ್ಕಿಂತ ಕಷ್ಟವಿತ್ತು.
“ಹಸಿರು ಅಂತ ಇಡೀ ಬೀದಿಗೆ ಸಾರಿಬಿಟ್ಟಿದೀನಲ್ಲೇ! ಈಗ ಯಾವ ಮುಖ ಇಟ್ಕೊಂಡು ಕೆಂಪು ಅಂತ ಹೇಳ್ಲಿ?”
“ಸೊಸೆ ತಪ್ಪು ಮಾಡಿದ್ಲು ಅಂತ ಹೇಳಿ ಅತ್ತೆ.”
ಸ್ವಲ್ಪ ಯೋಚಿಸಿದರು. “ಅದನ್ನಾದ್ರೆ ಹೇಳ್ಬಹುದು,” ಎಂದರು. ಮುಖ ಸ್ವಲ್ಪ ಅರಳಿದ್ದನ್ನು ನಾನು ಕಂಡೆ.


ಏಪ್ರಿಲ್ 5, ಶನಿವಾರ

ರೂಲಿಗೆ ನಾಲ್ಕನೇ ಸಾಲು ಸೇರಿಸಿದೆ, ಎಲ್ಲಕ್ಕಿಂತ ಮೇಲೆ. ಗೆರೆಯೇ ಇಲ್ಲದಿದ್ದರೆ — ಬೂದು. ಸೇವ್ ಮಾಡಿ, ರಿಫ್ರೆಶ್ ಒತ್ತಿ, ಕಣ್ಣು ಬಿಟ್ಟರೆ… ಅರ್ಧ ಮೃಗಾಲಯ ಬೂದು.

ಆಮೆ ಬೂದು. ಜಿರಾಫೆ ಬೂದು. ಗೂಬೆಗಳೆಲ್ಲ ಬೂದು. ಎರಡು ವರ್ಷದಿಂದ ಯಾರೂ ಟಾರ್ಗೆಟ್ ಕೊಡದ ಪ್ರಾಣಿಗಳೆಲ್ಲ ನನ್ನ ಕೃಪೆಯಿಂದ ಹಸಿರಾಗಿ ಕೂತಿದ್ದವು. ಎಲ್ಲ ಹಸಿರು ಎಂದು ನನಗೆ ಇನ್‌ಕ್ರಿಮೆಂಟ್ ಬೇರೆ ಕೊಟ್ಟಿದ್ದರು.

ಹತ್ತು ನಿಮಿಷದಲ್ಲಿ ಡೈರೆಕ್ಟರ್ ಸಾಹೇಬರು ಖುದ್ದಾಗಿ ಬಂದರು. ಮೂಗಿಗೆ ಕರ್ಚೀಫು.

“ಏನಮ್ಮಾ ಇದು? ಮೋಡ ಕವಿದ ಹಾಗಿದೆಯಲ್ಲಾ!”
“ಬೂದು ಅಂದ್ರೆ ಸರಿ ಇದೆಯೋ ಇಲ್ವೋ ನಮಗೆ ಗೊತ್ತಿಲ್ಲ ಅಂತ ಸರ್.”
“ನಿನ್ನೆವರೆಗೂ ಗೊತ್ತಿತ್ತಲ್ಲ?”
“ನಿನ್ನೆವರೆಗೂ ಗೊತ್ತಿಲ್ಲ ಅನ್ನೋದು ಗೊತ್ತಿರ್ಲಿಲ್ಲ ಸರ್.”
“ಗೊತ್ತಿಲ್ಲ ಅನ್ನೋದಕ್ಕೂ ಒಂದು ಬಣ್ಣನಾ? ಸೋಮವಾರ ಕಮಿಟಿ ಬರ್ತಾರೆ. ಗೋಡೆ ಮೇಲೆ ದೊಡ್ಡ ಸ್ಕ್ರೀನಲ್ಲಿ ಇದೇ ಹಾಕೋದು. ಅವತ್ತೊಂದು ದಿನ ಹಳೇ ಥರ ಮಾಡ್ಬಿಡಿ. ಒಂದೇ ದಿನ.”

ಒಂದು ಸಾಲು ಅಳಿಸಿದರೆ ಆಯಿತು, ಅರೆ ನಿಮಿಷದ ಕೆಲಸ. ಸೋಮವಾರ ಸಂಜೆ ವಾಪಸ್ ಹಾಕಬಹುದು. ಆದರೂ ಬಾಯಿಂದ ಬಂದದ್ದು ಬೇರೆ.

“ಆ ಹಸಿರು ನೋಡಿಯೇ ಸರ್, ಆ ಮರಿಗೆ ಹಾಲು ನಿಲ್ಸಿದ್ದು. ನಾನು ಅಳಿಸಲ್ಲ. ಬೇಕಿದ್ರೆ ನೀವು ಅಳಿಸಿ, ಎಲ್ಲಿ ಅಂತ ತೋರಿಸ್ತೀನಿ.”

ನಾನು ಹೀಗೆ ಮಾತಾಡಿದೆನೇ? ಆಡಿದೆ. ಮೌಸ್ ಅವರ ಕಡೆ ತಳ್ಳಿದೆ ಕೂಡ. ಅವರು ಮೌಸನ್ನು ಹಾವು ನೋಡುವಂತೆ ನೋಡಿದರು.

“ಎಲ್ಲಿದೆ ಮರಿ?”

ಕರೆದುಕೊಂಡು ಹೋದೆ. ಮಿರಿಮಿರಿ ಮಿಂಚುವ ಶೂ ಹಾಕಿಕೊಂಡೇ ಕಿಟಕಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಒಳಗೆ ಎಂದಿನ ನಾಟಕ. ದಡೂತಿ ದೂಡಿತು, ಚಿಲ್ಟಾರಿ ಉರುಳಿದ, ಎದ್ದ, ಮತ್ತೆ ಬಂದ. ಸಾಹೇಬರು ಕರ್ಚೀಫು ಜೇಬಿಗಿಟ್ಟರು.

“ನಮ್ಮನೇಲಿ ಏಳು ಜನ ಮಕ್ಕಳು. ನಾನು ಕಡೆಯವನು,” ಎಂದರು, ಕಿಟಕಿಯಿಂದ ಕಣ್ಣು ತೆಗೆಯದೆ. “ಅಡುಗೆಮನೆಯಲ್ಲಿ ತಟ್ಟೆ ಸದ್ದಾದ್ರೆ ಸಾಕು, ಮೊಣಕೈ ಮೊಣಕೈ. ಇವನ ಕಷ್ಟ ನನಗೆ ಗೊತ್ತು.”

ಎದ್ದು ಮಂಡಿ ಕೊಡವಿಕೊಂಡರು. “ಬೂದು ಇರ್ಲಿ. ಕಮಿಟಿಗೆ ನಾನು ಹೇಳ್ಕೋತೀನಿ. ಆದ್ರೆ ಸ್ವಲ್ಪ ಚೆನ್ನಾಗಿರೋ ಬೂದು ಹಾಕಮ್ಮ, ಇದು ಸಿಮೆಂಟ್ ಥರ ಇದೆ.”

ಹಾಕಿದೆ. ಪಾರಿವಾಳದ ರೆಕ್ಕೆಯ ಬೂದು. ಸಾಹೇಬರು ಒಪ್ಪಿದರು.


ಏಪ್ರಿಲ್ 6, ಭಾನುವಾರ

ರಜೆ. ಆದರೂ ಹೋದೆ. 548.

ಊಟ ಸೇರಲಿಲ್ಲ.


ಏಪ್ರಿಲ್ 7, ಸೋಮವಾರ

566! ಬಾಟಲಿ ಹಿಡಿದ! ಬಕೆಟ್ ಅಣ್ಣ ಉಪಾಯ ಮಾಡಿದ್ದಾರೆ. ದಡೂತಿಗೆ ಆಡಲು ಒಂದು ರಬ್ಬರ್ ಚೆಂಡು ಕೊಟ್ಟು ಆ ಕಡೆ ಕಳಿಸುವುದು, ಆ ಗ್ಯಾಪಿನಲ್ಲಿ ಚಿಲ್ಟಾರಿ ತಾಯಿಯ ಹತ್ತಿರ. ಒಳ್ಳೆಯ ಜಾಗ ಖಾಲಿ ಇದೆ ಎಂದು ತಿಳಿಯಲು ಅವನಿಗೇ ಒಂದು ನಿಮಿಷ ಬೇಕಾಯಿತಂತೆ. ಆಮೇಲೆ ಬಿಟ್ಟದ್ದೇ ಇಲ್ಲ.

ಕಮಿಟಿ ಬಂತು, ಹೋಯಿತು. ಬೂದು ಯಾಕೆ ಎಂದು ಒಬ್ಬರು ಕೇಳಿದರಂತೆ. ಸಾಹೇಬರು “ಇದು ನಮ್ಮ ಪ್ರಾಮಾಣಿಕತೆಯ ಬಣ್ಣ,” ಎಂದರಂತೆ, ತಾವೇ ಕಂಡುಹಿಡಿದವರ ಹಾಗೆ. ಇರಲಿ ಬಿಡಿ.


ಏಪ್ರಿಲ್ 8, ಮಂಗಳವಾರ

ಡಾಕ್ಟರಮ್ಮ ಬಸ್ಸಿಳಿದು ನೇರ ಇಲ್ಲಿಗೇ ಬಂದರು, ಸೂಟ್‌ಕೇಸ್ ಸಮೇತ. ಮರಿಯನ್ನು ಬೇರೆ ಇಡುವ ಪೆಟ್ಟಿಗೆ, ಕಂಬಳಿ, ಬಿಸಿನೀರಿನ ಚೀಲ, ಎಲ್ಲ ತಯಾರಾಗಿ ಮೇಜಿನ ಮೇಲಿತ್ತು. ಅದರ ಕಡೆ ನೋಡದಿರಲು ಮೂವರೂ ಪ್ರಯತ್ನಿಸುತ್ತಿದ್ದೆವು.

ತಕ್ಕಡಿಯಲ್ಲಿಟ್ಟರು. 590.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ಒಸಡು ನೋಡಿದರು, ಬಾಲ ಹಿಡಿದು ನೋಡಿದರು. ಚಿಲ್ಟಾರಿ ಅವರ ಹೆಬ್ಬೆರಳು ಕಚ್ಚಿದ.

“ಅಮ್ಮಾ! …ಕಚ್ಚೋ ಶಕ್ತಿ ಬಂದಿದೆ. ಪೆಟ್ಟಿಗೆ ಒಳಗಿಡಿ.”

ನಾನು ತಪ್ಪು ತಿಳಿದೆ. “ಮೇಡಂ, ಇನ್ನೊಂದೇ ಒಂದು ದಿನ —”
“ಅಯ್ಯೋ, ಪೆಟ್ಟಿಗೆ ಸ್ಟೋರ್ ಒಳಗಿಡಿ ಅಂದೆ! ಇವನು ಅಮ್ಮನ ಹತ್ರಾನೇ ಇರ್ಲಿ.”

ಬಕೆಟ್ ಅಣ್ಣ ಪೆಟ್ಟಿಗೆ ಎತ್ತಿಕೊಂಡು ಓಡಿದ ವೇಗ! ಮನಸ್ಸು ಬದಲಾಯಿಸಿಬಿಟ್ಟಾರು ಎಂಬ ಭಯ.

ಆಮೇಲೆ ಬೈಗುಳ. ಮಾತು ಕೊಟ್ಟಂತೆಯೇ ತಮ್ಮನ್ನೂ ಸೇರಿಸಿಕೊಂಡು ಬೈದರು. ಕೊನೆಗೆ ಬೂದು ಚೌಕಗಳನ್ನು ನೋಡಿ ತಲೆಗೆ ಕೈ ಹಚ್ಚಿದರು. “ಇಷ್ಟಕ್ಕೂ ನಾನೇ ರೇಂಜ್ ಕೊಡ್ಬೇಕಾ? ನೀನು ಬಣ್ಣ ಹಚ್ಚಿದ್ದಲ್ಲ ಕಣೇ, ನನಗೆ ಕೆಲಸ ಹಚ್ಚಿದ್ದು.”


ಏಪ್ರಿಲ್ 19, ಶನಿವಾರ

ಇಷ್ಟು ದಿನ ಬರೆಯಲು ಪುರುಸೊತ್ತಿಲ್ಲ. ದಿನಾ ಸಂಜೆ ಡಾಕ್ಟರಮ್ಮ ನನ್ನ ರೂಮಿನಲ್ಲೇ ಕೂರುತ್ತಾರೆ. ಅವರು ಗೆರೆ ಹೇಳುವುದು, ನಾನು ತುಂಬುವುದು. ಗೂಬೆಗಳು ಮುಗಿದವು. ಜಿರಾಫೆ ಮುಗಿಯಿತು. ಮುದಿ ಆಮೆಗೆ ಮಾತ್ರ “ನನಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ, ಬೂದು ಇರ್ಲಿ,” ಎಂದರು.

ಚಿಲ್ಟಾರಿ ಇವತ್ತು 955. ಏಳನೇ ವಾರದ ಅಪಾಯದ ಗೆರೆ 950. ಐದೇ ಐದು ಗ್ರಾಂ ಮೇಲೆ. ಹಳದಿ! ಈ ಸಲ ಕುಣಿಯಲಿಲ್ಲ. ಮೊದಲು ಅಂಕಿ ಓದಿದೆ. ಟಾರ್ಗೆಟ್ ತೆಗೆದು ನೋಡಿದೆ. ಗೆರೆ ಇತ್ತು. ಬಕೆಟ್ ಅಣ್ಣನನ್ನು ಕರೆದು ಇನ್ನೊಂದು ಸಲ ತೂಗಿಸಿದೆ. 955. ಆಮೇಲೆ ಕುಣಿದೆ.

ತಾಯಿ ಮರಿಗಳಿಗೆ ಈಜು ಕಲಿಸುತ್ತಿದ್ದಾಳೆ. ಕಲಿಸುವುದು ಎಂದರೆ ಕತ್ತು ಹಿಡಿದು ನೀರಿಗೆ ಎಸೆಯುವುದು. ದಡೂತಿ ಗಾಬರಿಯಲ್ಲಿ ಕಿರುಚಿ ರಂಪ ಮಾಡಿ ದಡಕ್ಕೆ ಬಂತು. ಚಿಲ್ಟಾರಿ ಮುಳುಗಿದ, ಎದ್ದ, ಸುತ್ತ ನೋಡಿದ, ಮತ್ತೆ ತಾನೇ ಮುಳುಗಿದ. ಉರುಳಿ ಉರುಳಿ ಅಭ್ಯಾಸವಾದವನಿಗೆ ನೀರು ಯಾವ ಲೆಕ್ಕ?

ಅತ್ತೆಗೆ ‘ಹಳದಿ’ ಎಂದೆ.
“ಗ್ಯಾರಂಟಿನಾ?”
“ಎರಡು ಸಲ ತೂಗಿದೀವಿ.”
“ಹಾಗಾದ್ರೆ ಟೈಲರ್‌ಗೆ ಮಾತ್ರ ಹೇಳ್ತೀನಿ. ಉಳಿದವರಿಗೆ ಹಸಿರಾದ್ಮೇಲೆ.”

ಇವರು ಬಾಗಿಲ ಹಿಂದಿನಿಂದ — “ನಂದನ್ನೂ ಬೂದು ಮಾಡ್ಬಿಡೇ. ಸರಿ ಇದೆಯೋ ಇಲ್ವೋ ಗೊತ್ತಿಲ್ಲ ಅಂತ ಇರ್ಲಿ.”
“ನಿಮ್ಮದು ಚೆನ್ನಾಗಿ ಗೊತ್ತಿದೆ ಬಿಡಿ.”


ಏಪ್ರಿಲ್ 25, ಶುಕ್ರವಾರ, ಬೆಳಿಗ್ಗೆ 9:20

ರಿಪೋರ್ಟ್ ಇನ್ನೂ ಹೋಗಿಲ್ಲ. ಮೂರು ಮರಿಗಳಲ್ಲಿ ಎರಡರ ತೂಕ ಬಂದಿದೆ, ಎರಡೂ ಹಸಿರು. ಚಿಲ್ಟಾರಿಯ ಚೌಕ ಖಾಲಿ. ನಿನ್ನೆ ನೆಮ್ಮದಿಯ ಗೆರೆಗೆ ಹನ್ನೆರಡು ಗ್ರಾಂ ಬಾಕಿ ಇತ್ತು. ಅತ್ತೆ ಇವತ್ತು ಬೆಳಿಗ್ಗೆಯೇ ಸೆರಗು ಸರಿಮಾಡಿಕೊಂಡು ಕೂತಿದ್ದಾರೆ.

ಬಕೆಟ್ ಅಣ್ಣನಿಗೆ ಫೋನ್ ಮಾಡಿದೆ. ಏದುಸಿರು.
“ತಕ್ಕಡಿ ಮೇಲೆ ನಿಂತ್ರೆ ತಾನೇ ಮೇಡಂ! ಹಿಡಿದ್ರೆ ಜಾರ್ತಾನೆ, ಬಿಟ್ರೆ ಕಚ್ತಾನೆ!”
“ಸಾಹೇಬ್ರು ಎರಡು ಸಲ ಕೇಳಿದ್ರು ಅಣ್ಣ. ತೂಗಿಲ್ಲ ಅಂತ ಬೂದಿನಲ್ಲೇ ಕಳಿಸ್ಲಾ?”
“ಒಂದೇ ನಿಮಿಷ ಇರಿ, ಹಿಡಿದೆ… ಹಿಡಿದೆ… ಅಯ್ಯೋ!”

ಆ ಕಡೆ ಬಕೆಟ್ ಬಿದ್ದ ಸದ್ದು. ಫೋನಿನಲ್ಲೂ ಕೇಳಿತು, ಗೋಡೆಯಲ್ಲೂ ಕೇಳಿತು. ಈಗ ಕಾರಿಡಾರಿನಲ್ಲಿ ಡಾಕ್ಟರಮ್ಮ ಕೂಗುತ್ತಿದ್ದಾರೆ — “ಬಾಗಿಲು ಹಾಕಿ! ಎಲ್ಲರೂ ಬಾಗಿಲು ಹಾಕಿ!”

ನನ್ನ ಬಾಗಿಲು ತೆರೆದೇ ಇದೆ. ಏಳಬೇಕು.

ಏಳಲಾಗುತ್ತಿಲ್ಲ. ಮೇಜಿನ ಕೆಳಗೆ ಏನೋ ತಣ್ಣಗೆ, ಒದ್ದೆಯಾಗಿ, ಪಾದದ ಮೇಲೆ ಹತ್ತಿ ಕೂತಿದೆ. ಬಗ್ಗಿ ನೋಡಿದೆ. ಮೀಸೆ ಅಲ್ಲಾಡಿಸುತ್ತ ನನ್ನನ್ನೇ ನೋಡುತ್ತಿದ್ದಾನೆ. ಅಬ್ಬಾ, ಎಷ್ಟು ಭಾರ ಇದ್ದಾನೆ ಈ ಚಿಲ್ಟಾರಿ!